ಕಟ್ಟೆ ಒಡೆದು ಗೋಡೆ ಉಳಿಸಿಕೊಂಡದ್ದು

ಪಾಲಿಕೆಯಿಂದ ರಸ್ತೆ ಅಗಲೀಕರಣದ ಗುರುತು ಹಾಕಲು ಬಂದವನು ಹದಿನೆಂಟು ಹತ್ತೊಂಬತ್ತರ ಹುಡುಗ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಸವೆದ ಬ್ರಷ್ಷು. ಟೇಪು ಹಿಡಿದ ಇಬ್ಬರು ಅವನಿಗಿಂತ ಎರಡು ಮನೆ ಮುಂದೆ ಹೋಗಿಬಿಟ್ಟಿದ್ದರು. 2024ರ ಡಿಸೆಂಬರ್, ಬೆಳಗಿನ ಹತ್ತೂವರೆ. ನಾನು ಯಾರದೋ ಆಧಾರ್ ಕಾರ್ಡಿನ ಎರಡೂ ಬದಿಯನ್ನು ಒಂದೇ ಹಾಳೆಗೆ ತೆಗೆಯುತ್ತಿದ್ದೆ. ಅತ್ತೆ ಮುಂದಿನ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಹುಡುಗ ಅವರ ತಲೆಯ ಪಕ್ಕದಲ್ಲೇ ಗೋಡೆಗೆ '17' ಎಂದು ಬರೆದ. ಪಕ್ಕದ ಸಂದಿಗೆ ಹೋಗಿ ಅಲ್ಲೊಂದು ಉದ್ದ ಗೆರೆ ಎಳೆದ. ಏನಪ್ಪಾ ಇದು ಎಂದು ಅತ್ತೆ ಕೇಳಿದರೆ, "ಬಣ್ಣ ಒಣಗುವ ತನಕ ಗೋಡೆಗೆ ಒರಗಬೇಡಿ ಅಜ್ಜೀ" ಎಂದು ಹೇಳಿ ಹೋದ. ಮುಂದಿನ ಒಂದು ವರ್ಷದಲ್ಲಿ ಪಾಲಿಕೆಯ ಕಡೆಯಿಂದ ಕೇಳದೆಯೇ ಬಂದ ಸಲಹೆ ಅದೊಂದೇ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಸಂದಿಯ ಗೆರೆ ಮನೆಯೊಳಗೆ ಎಲ್ಲಿಗೆ ಬರುತ್ತದೆ ಎಂದು ನೋಡಿದೆವು. ರಸ್ತೆ ಕಡೆಯ ಗೋಡೆಯಿಂದ ಸರಿಯಾಗಿ ಮೂರು ಮೀಟರ್ ಒಳಗೆ. ನನ್ನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇರುವುದೇ ಹತ್ತು ಅಡಿ. ಗೆರೆ ಅಂಗಡಿಯನ್ನು ಪೂರ್ತಿ ನುಂಗಿ ದೇವರ ಕೋಣೆಯ ಗೋಡೆಗೆ ತಾಗಿ ನಿಂತಿತ್ತು. ನನ್ನ ಗಂಡ ದೇವರಿಗಾದರೂ ವಿನಾಯಿತಿ ಸಿಕ್ಕಿತಲ್ಲ ಎಂದು ನಗಲು ನೋಡಿದರು. ಯಾರಿಗೂ ನಗು ಬರಲಿಲ್ಲ. ಅಂಗಡಿಯ ದುಡಿಮೆಯಲ್ಲೇ ಮಗಳ ಕಾಲೇಜು ಶುಲ್ಕ ನಡೆಯುತ್ತಿತ್ತು.

ಊರಿನ ಹೆಸರನ್ನೂ ರಸ್ತೆಯ ಹೆಸರನ್ನೂ ಬರೆಯುವುದಿಲ್ಲ. ಇಬ್ಬರು ನೆರೆಯವರ ಪ್ರಕರಣ ಇನ್ನೂ ಬಾಕಿ ಇದೆ, ಹೆಸರು ಬೇಡ ಎಂದು ವಕೀಲರು ಹೇಳಿದ್ದಾರೆ. ಉತ್ತರ ಕರ್ನಾಟಕದ ಒಂದು ನಗರ, ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿ ಎಂದಷ್ಟು ತಿಳಿದರೆ ಸಾಕು. ನಿಮ್ಮ ಗೋಡೆಯ ಮೇಲೂ ಇಂಥದೊಂದು ಗೆರೆ ಬಿದ್ದಿದ್ದರೆ, ನಾವು ಮೊದಲ ಎರಡು ತಿಂಗಳನ್ನು ಹೇಗೆ ಹಾಳು ಮಾಡಿಕೊಂಡೆವು ಎಂಬುದನ್ನು ಮೊದಲು ಓದಿ.

ಗುರುತು ಬಿದ್ದದ್ದು 46 ಮನೆಗಳಿಗೆ. ಮರುದಿನವೇ ಹನುಮಪ್ಪನ ಗುಡಿಯಲ್ಲಿ ಸಭೆ. ಕಿರಾಣಿ ಅಂಗಡಿಯ ಕಾಕಾ ಅಧ್ಯಕ್ಷರಾದರು. ಜೆರಾಕ್ಸ್ ಯಂತ್ರ ಇರುವವಳು ನಾನೊಬ್ಬಳೇ ಎಂಬ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು, ಲೆಕ್ಕವನ್ನೂ ನನ್ನ ತಲೆಗೇ ಕಟ್ಟಿದರು. ಶಾಸಕರಿಗೆ ಮನವಿ ಕೊಟ್ಟೆವು, ಜಿಲ್ಲಾಧಿಕಾರಿಗಳಿಗೆ ಕೊಟ್ಟೆವು, ಆಯುಕ್ತರಿಗೆ ಎರಡು ಸಲ ಕೊಟ್ಟೆವು. ಪ್ರತಿ ಸಲವೂ ಫೋಟೊ ತೆಗೆಸಿಕೊಂಡು ಬಂದೆವು. ಒಂದು ಪ್ರತಿಯ ಮೇಲಾದರೂ ಟಪಾಲು ವಿಭಾಗದ ಮೊಹರು ಹಾಕಿಸಿಕೊಳ್ಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾರ್ಚಿನಲ್ಲಿ ವಕೀಲರು, "ಡಿಸೆಂಬರಿನಲ್ಲೇ ಆಕ್ಷೇಪಣೆ ಸಲ್ಲಿಸಿದ್ದಕ್ಕೆ ದಾಖಲೆ ಕೊಡಿ" ಎಂದಾಗ ನಮ್ಮ ಹತ್ತಿರ ಇದ್ದದ್ದು ಹಾರ ಹಾಕಿದ, ಕೈ ಮುಗಿದ, ನಕ್ಕ ಚಿತ್ರಗಳು. ಆದ್ದರಿಂದ ಯಾರ ಕೈಗೆ ಏನು ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ದಿನಾಂಕ ಇರುವ ಮೊಹರು ಬೀಳುವ ತನಕ ಕೌಂಟರ್ ಬಿಟ್ಟು ಏಳಬೇಡಿ. ಮೊಹರು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರೆ ನೀವೂ ಬುತ್ತಿ ಬಿಚ್ಚಿ.

ಆ ಹೊತ್ತಿಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ಕಥೆ ತಂದ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗಿನ ದಾರಿಯಲ್ಲಿ ಸಾವಿರಾರು ಜನ ಮಾನವ ಸರಪಳಿ ಮಾಡಿದ್ದು, 800ಕ್ಕೂ ಹೆಚ್ಚು ಮರ ಕಡಿಯಬೇಕಾಗಿದ್ದ ಆ ಯೋಜನೆಯನ್ನು ಸರ್ಕಾರ 2017ರ ಮಾರ್ಚಿನಲ್ಲಿ ಕೈಬಿಟ್ಟದ್ದು. ನಾವೂ ಸರಪಳಿ ಮಾಡೋಣ ಎಂದ. ಮಾಡಿದೆವು. ಐವತ್ತೆಂಟು ಜನ ಬಂದೆವು, ಸರಪಳಿ ಹಿಟ್ಟಿನ ಗಿರಣಿಯ ತನಕ ಹೋಗಿ ಅಲ್ಲಿಗೆ ಮುಗಿಯಿತು. ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ ಬಂತು. ಪ್ರತಿಭಟನೆ ಬೇಡವೆಂದು ಹೇಳುತ್ತಿಲ್ಲ, ಅದರಿಂದ ನಾವು ಪರಸ್ಪರ ಮುಖ ಪರಿಚಯ ಮಾಡಿಕೊಂಡೆವು. ಆದರೆ ಊರಿಗೆಲ್ಲ ಕಾಣುವ ಯೋಜನೆಯ ವಿರುದ್ಧ ಜನ ಸೇರುವಂತೆ ನಲವತ್ತಾರು ಮನೆಗಳ ರಸ್ತೆಗಾಗಿ ಸೇರುವುದಿಲ್ಲ. ಉಳಿದ ಊರಿಗೆ ನಾವು ದಾರಿಗೆ ಅಡ್ಡ ಕುಳಿತವರು. ಆಂಬ್ಯುಲೆನ್ಸ್ ಸಿಕ್ಕಿಕೊಂಡಿದ್ದನ್ನು, ಶಾಲೆಯ ವ್ಯಾನುಗಳು ಹಿಂದೆ ಮುಂದೆ ಆಗುವುದನ್ನು ನಾನೂ ಅಂಗಡಿಯಲ್ಲಿ ಕುಳಿತು ದಿನಾ ನೋಡಿದ್ದೇನೆ. ನಮ್ಮಲ್ಲೇ ನಾಲ್ಕು ಮನೆಯವರಿಗೆ ರಸ್ತೆ ಅಗಲವಾದರೆ ಜಾಗದ ಬೆಲೆ ಏರುತ್ತದೆ ಎಂಬ ಆಸೆಯಿತ್ತು. ಅದನ್ನು ತಪ್ಪು ಎನ್ನಲಾರೆ, ಅವರ ನಿವೇಶನಗಳು ಉದ್ದವಾಗಿದ್ದವು.

ಕೆಲಸಕ್ಕೆ ಬಂದದ್ದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್.

ಮಾಹಿತಿ ಹಕ್ಕಿನ ಅರ್ಜಿಯನ್ನು ನಮ್ಮ ರಾಜ್ಯದಲ್ಲಿ 150 ಪದಗಳ ಒಳಗೆ, ಒಂದೇ ವಿಷಯಕ್ಕೆ ಸೀಮಿತಗೊಳಿಸಿ ಬರೆಯಬೇಕು. ನನ್ನ ಮೊದಲ ಅರ್ಜಿ ನಾಲ್ಕು ಪುಟ ಇತ್ತು, ಅದರಲ್ಲಿ ಅತ್ತೆಯ ಸಂಧಿವಾತವೂ ಇತ್ತು. ಅದು ಹಾಗೆಯೇ ವಾಪಸು ಬಂತು. ಎರಡನೆಯ ಸಲ ಮೂರು ಬೇರೆ ಬೇರೆ ಅರ್ಜಿ ಹಾಕಿದೆ: ಈ ರಸ್ತೆಯ ಅಗಲೀಕರಣಕ್ಕೆ ಆದ ಠರಾವು ಮತ್ತು ಅಂದಾಜು ಪಟ್ಟಿಯ ಪ್ರತಿ, ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲ್ಯಾನ್) ಈ ರಸ್ತೆಯ ಅಗಲ ತೋರಿಸುವ ನಕ್ಷೆಯ ಪ್ರತಿ, ಈ ರಸ್ತೆಗಾಗಿ ಭೂಸ್ವಾಧೀನದ ಅಧಿಸೂಚನೆ ಹೊರಡಿಸಿದ್ದರೆ ಅದರ ಪ್ರತಿ. ಏಕೆ, ಹೇಗೆ ಎಂಬ ಪ್ರಶ್ನೆ ಹಾಕಬೇಡಿ. ಇರುವ ಕಾಗದದ ಪ್ರತಿ ಕೇಳಿ. ಪೋಸ್ಟಲ್ ಆರ್ಡರನ್ನು ಯಾರ ಹೆಸರಿಗೆ ತೆಗೆಯಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ, ನಮ್ಮದೊಂದು ಅದೇ ಕಾರಣಕ್ಕೆ ಹನ್ನೊಂದು ದಿನ ತಿಂದಿತು. ಪುಟಕ್ಕೆ ಎರಡು ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ, ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ.

ನಮಗೆ ಬಂದದ್ದು ಇಪ್ಪತ್ತೊಂಬತ್ತನೆಯ ದಿನ. ಮಹಾಯೋಜನೆಯಲ್ಲಿ ರಸ್ತೆ 18 ಮೀಟರ್ ಎಂದಿತ್ತು. ಮೂರನೆಯ ಅರ್ಜಿಗೆ ಒಂದೇ ಸಾಲು: "ಸದರಿ ರಸ್ತೆಗೆ ಸಂಬಂಧಿಸಿದಂತೆ ಭೂಸ್ವಾಧೀನದ ಕಡತ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಲಭ್ಯವಿಲ್ಲ ಎಂದು ಓದಿ ನಾನು ಅತ್ತೇಬಿಟ್ಟೆ, ಒಂದು ತಿಂಗಳು ಕಾದದ್ದು ಇದಕ್ಕೋ ಎಂದು. ಮುಂದೆ ವಕೀಲರು ಅದೇ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಕ್ಕಾರೇ, ನಿಮ್ಮ ಇಡೀ ಕೇಸು ಇದು" ಎಂದರು. ಮಹಾಯೋಜನೆಯ ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಜಾಗ ಪಾಲಿಕೆಯದಾಗುವುದಿಲ್ಲ. ಅದು ಮುಂದೆ ಹೀಗಾಗಬೇಕು ಎಂಬ ಯೋಚನೆ. ಜಾಗ ಬೇಕಾದರೆ ಸ್ವಾಧೀನಪಡಿಸಿಕೊಳ್ಳಬೇಕು, ಪರಿಹಾರ ಕೊಡಬೇಕು. ಸ್ವಾಧೀನದ ಕಡತವೇ ಇಲ್ಲ ಎಂದು ಅವರೇ ಸಹಿ ಹಾಕಿ ಕೊಟ್ಟಿದ್ದರು.

ಫೆಬ್ರುವರಿಯಲ್ಲಿ ಸಿಟಿ ಸರ್ವೆ ಕಚೇರಿಗೆ ಅಲೆದಾಟ. ಹಳೆಯ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಕಡೆಯ ಊರುಗಳಲ್ಲಿ ಮನೆಗಳಿಗೆ ಸಿ.ಟಿ.ಎಸ್. ನಂಬರ್, ಅಂದರೆ ಸಿಟಿ ಸರ್ವೆಯ ನಂಬರ್ ಇರುತ್ತದೆ. ಪಾಲಿಕೆಯ ಖಾತೆ ಉತಾರ (ದಾಖಲೆಯ ನಕಲು) ತೆರಿಗೆಯ ಮಟ್ಟಿಗೆ ಸರಿ. ಮನೆ ಎಲ್ಲಿಂದ ಎಲ್ಲಿಯ ತನಕ ಎಂದು ಹೇಳುವುದು ಸಿ.ಟಿ.ಎಸ್. ಉತಾರ ಮತ್ತು ಅದರ ನಕ್ಷೆ. ಏಳು ಸಲ ಹೋಗಿ, ನಮ್ಮ ರಸ್ತೆ ಬರುವ ಹಾಳೆಯ ದೃಢೀಕೃತ ನಕಲು ಪಡೆದೆವು. ನಿವೃತ್ತ ಮೋಜಣಿದಾರರೊಬ್ಬರನ್ನು (ಸರ್ವೆಯರ್) ಹಿಡಿದು, ವಾಹನ ಓಡಾಟ ಇಲ್ಲದ ಭಾನುವಾರ ಬೆಳಗಿನ ಐದೂವರೆಗೆ ಟೇಪು ಬಿಚ್ಚಿದೆವು.

ನಕ್ಷೆಯಲ್ಲಿ ರಸ್ತೆ 12 ಮೀಟರ್ ಇತ್ತು. ನೆಲದ ಮೇಲೆ ಗಿರಣಿಯ ಹತ್ತಿರ ಸಿಕ್ಕಿದ್ದು 9.7, ನಮ್ಮ ಮನೆಯ ಮುಂದೆ 10.4, ಎಲ್ಲಿಯೂ 11 ದಾಟಲಿಲ್ಲ. ಮೋಜಣಿದಾರರು ಕೈಯಲ್ಲಿದ್ದ ಟಾರ್ಚನ್ನು ಒಂದೊಂದೇ ಮನೆಯ ಮುಂದೆ ಬಿಡುತ್ತ ಹೋದರು. ಮೆಟ್ಟಿಲು. ಸ್ಕೂಟರ್ ಏರಿಸುವ ಇಳಿಜಾರು. ಗಟಾರದ ಮೇಲೆ ಹಾಸಿದ ಕಲ್ಲು, ಕಲ್ಲಿನ ಮೇಲೆ ತುಳಸಿಕಟ್ಟೆ. ಕಾಕಾನ ಅಂಗಡಿಯ ತಗಡು, ತಗಡಿಗೆ ಆನಿಸಿದ ಕಂಬ. ಟಾರ್ಚಿನ ಬೆಳಕು ನಮ್ಮ ಕಟ್ಟೆಯ ಮೇಲೆ ಬಂದು ನಿಂತಿತು. ನಮ್ಮ ಗೋಡೆ ಸರಿಯಾಗಿ ನಕ್ಷೆಯ ಗೆರೆಯ ಮೇಲೆಯೇ ಇತ್ತು, ಒಂದಿಂಚೂ ಆಚೀಚೆ ಇಲ್ಲ. ಕಟ್ಟೆ ಪೂರ್ತಿಯಾಗಿ ರಸ್ತೆಯಲ್ಲಿತ್ತು, ಎಂಬತ್ತು ಸೆಂಟಿಮೀಟರ್.

"ಪಾಲಿಕೆಯವರು ನಿಮ್ಮದನ್ನು ಕೇಳುತ್ತಿದ್ದಾರೆ ಅನ್ನುತ್ತೀರಿ. ಅವರದು ನಿಮ್ಮ ಹತ್ತಿರ ಇದೆಯಲ್ಲ" ಎಂದರು ಮೋಜಣಿದಾರರು. ಬೆಳಗಿನ ಚಹಾ ಯಾರಿಗೂ ಇಳಿಯಲಿಲ್ಲ.

ಮುಂದಿನ ಮೂರು ವಾರ ನಾವು ಜಗಳಾಡಿದ್ದು ಪಾಲಿಕೆಯ ಜೊತೆಗಲ್ಲ. ಯಾರ ಮೆಟ್ಟಿಲು ಎಷ್ಟು ಹೊರಗಿದೆ, ಮೊದಲು ಯಾರು ಕಟ್ಟಿದರು, ಅವರು ಕಟ್ಟಿದ್ದಕ್ಕೇ ಇವರು ಕಟ್ಟಿದ್ದು ಹೌದೋ ಅಲ್ಲವೋ. ಅಳತೆಯ ಕಾಗದವನ್ನು ಹರಿದು ಹಾಕಬೇಕು, ಮೋಜಣಿ ಮಾಡಿಸಿದ್ದೇ ತಪ್ಪು ಎಂದವರೂ ಇದ್ದರು. ನಾನೂ ಒಂದು ರಾತ್ರಿ ಹಾಗೆಯೇ ಯೋಚಿಸಿದ್ದೆ, ಸುಳ್ಳೇಕೆ ಹೇಳಲಿ. ಆ ಕಟ್ಟೆ ನನ್ನ ಮಾವ ಕಟ್ಟಿಸಿದ್ದು. ಶಹಾಬಾದದ ಕಲ್ಲಿನ ಹಾಸು, ನಲವತ್ತು ವರ್ಷ ಕೂತು ಕೂತು ನಡುವೆ ನುಣುಪಾಗಿ ತಗ್ಗಾಗಿತ್ತು. ಜೆರಾಕ್ಸಿಗೆ ಬಂದವರು ಸರದಿ ಕಾಯುತ್ತಿದ್ದದ್ದೂ ಅದರ ಮೇಲೆಯೇ.

ಮಾರ್ಚ್ ಎರಡನೆಯ ವಾರ ನೋಟಿಸು ಬಂತು. ಏಳು ದಿನದೊಳಗೆ "ರಸ್ತೆಯ ಅತಿಕ್ರಮಣ" ತೆರವು ಮಾಡಬೇಕು. ಎಷ್ಟು ಅತಿಕ್ರಮಣ, ಯಾವ ನಕ್ಷೆಯ ಪ್ರಕಾರ, ಒಂದಕ್ಷರವೂ ಇಲ್ಲ. ಎಲ್ಲ 46 ಮನೆಗಳಿಗೂ ಒಂದೇ ಒಕ್ಕಣೆ, ಹೆಸರಿನ ಜಾಗ ಮಾತ್ರ ಕೈಬರಹ. ನಮ್ಮ ಮನೆಯದು ತೀರಿಹೋದ ಮಾವನ ಹೆಸರಿನಲ್ಲಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು, ಏಕೆಂದರೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದರ ಬಗ್ಗೆ ದಿನಕ್ಕೆ ಹತ್ತು ಸಂದೇಶ ತಪ್ಪು ತಪ್ಪಾಗಿ ಓಡಾಡುತ್ತಿದ್ದವು. ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಒಂದು ವಾರದ ಅಂತರದಲ್ಲಿ ಎರಡು ತೀರ್ಪು ಕೊಟ್ಟಿತು. ಎಲ್ಲರೂ ಹಿಡಿದುಕೊಂಡದ್ದು 13ನೆಯ ತಾರೀಖಿನದು, ಬುಲ್ಡೋಜರ್ ತೀರ್ಪು ಎಂದು ಹೆಸರಾದದ್ದು, ಹದಿನೈದು ದಿನ ಮುಂಚೆ ನೋಟಿಸು ಕೊಡದೆ ಕೆಡವಬಾರದು ಎಂಬುದು. ಆದರೆ ರಸ್ತೆ, ಕಾಲುದಾರಿಯಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಇದೆ. ರಸ್ತೆಯ ಮೇಲಿದ್ದ ನನ್ನ ಕಟ್ಟೆಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಅದಕ್ಕೂ ಮೊದಲಿನ ನವೆಂಬರ್ 6ರದು. ಉತ್ತರ ಪ್ರದೇಶದ ಮಹಾರಾಜಗಂಜ್‌ನಲ್ಲಿ ರಸ್ತೆ ಅಗಲ ಮಾಡಲು 2019ರಲ್ಲಿ ಒಬ್ಬರ ಮನೆ ಕೆಡವಿದ್ದ ಪ್ರಕರಣ. ಮನೆಯವರಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದ ಕೋರ್ಟು, ರಸ್ತೆ ಅಗಲೀಕರಣಕ್ಕೆ ಹೊರಡುವ ಎಲ್ಲ ರಾಜ್ಯಗಳೂ ನಡೆಯಬೇಕಾದ ಹೆಜ್ಜೆಗಳನ್ನೂ ಹೇಳಿತು: ಮೊದಲು ದಾಖಲೆ ನಕ್ಷೆಯ ಪ್ರಕಾರ ಇರುವ ರಸ್ತೆಯ ಅಗಲ ಎಷ್ಟೆಂದು ತಿಳಿದುಕೊಳ್ಳಿ, ಅತಿಕ್ರಮಣ ಇದೆಯೇ ಎಂದು ಅಳೆಯಿರಿ, ಇದ್ದರೆ ಲಿಖಿತ ನೋಟಿಸು ಕೊಡಿ, ಆಕ್ಷೇಪಣೆ ಬಂದರೆ ಕಾರಣ ಬರೆದು ಆದೇಶ ಮಾಡಿ, ಇರುವ ಅಗಲ ಸಾಲದಿದ್ದರೆ ಕಾನೂನಿನ ಪ್ರಕಾರ ಜಾಗ ಸ್ವಾಧೀನಪಡಿಸಿಕೊಳ್ಳಿ. ಭಾನುವಾರದ ಬೆಳಗ್ಗೆ ಟಾರ್ಚು ಹಿಡಿದು ನಾವು ಮಾಡಿದ್ದು ಅದರ ಮೊದಲ ಎರಡು ಹೆಜ್ಜೆಯನ್ನೇ.

ಆಕ್ಷೇಪಣೆಯನ್ನು ಪ್ರತಿ ಮನೆಯವರೂ ಬೇರೆ ಬೇರೆ ಸಲ್ಲಿಸಿ. ನಲವತ್ತಾರು ಸಹಿ ಇರುವ ಒಂದೇ ಪತ್ರಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸಬಹುದು. ನಾನು ನಮೂನೆ ಟೈಪು ಮಾಡಿದೆ: ಸಿ.ಟಿ.ಎಸ್. ನಂಬರ್, ನಕ್ಷೆಯಲ್ಲಿ ರಸ್ತೆಯ ಅಗಲ, ನಮ್ಮ ಗೋಡೆ ಯಾವ ಗೆರೆಯ ಮೇಲಿದೆ, ಜಂಟಿ ಮೋಜಣಿ ಮಾಡಿಸಿ, ಖುದ್ದಾಗಿ ಅಹವಾಲು ಕೇಳಿ. ಒಂದೂವರೆ ಪುಟ. ಈ ಸಲ ಮೊಹರು ಬಿತ್ತು.

ಕೊಡಲು ಹೋದಾಗ ಒಬ್ಬ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ ಟಿಡಿಆರ್ ಬಗ್ಗೆ ವಿವರಿಸಿದರು. ಜಾಗವನ್ನು ಉಚಿತವಾಗಿ ಬಿಟ್ಟುಕೊಟ್ಟರೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಸಿಗುತ್ತದೆ, ಅದನ್ನು ಇಟ್ಟುಕೊಂಡು ಹೆಚ್ಚುವರಿ ಮಹಡಿ ಕಟ್ಟಬಹುದು ಅಥವಾ ಬಿಲ್ಡರಿಗೆ ಮಾರಬಹುದು. ದೊಡ್ಡ ನಗರದಲ್ಲಿ ದೊಡ್ಡ ಜಾಗ ಇರುವವರಿಗೆ ಒಳ್ಳೆಯದೇ ಇರಬಹುದು. ಮಣ್ಣಿನ ಗೋಡೆಯ ಮೇಲೆ ನಾನು ಎಷ್ಟನೆಯ ಮಹಡಿ ಕಟ್ಟಲಿ? ನೀವಾಗಿ ಬಿಟ್ಟುಕೊಟ್ಟರೆ ಮಾತ್ರ ಟಿಡಿಆರ್ ಎಂಬುದು ನೆನಪಿರಲಿ. ಸ್ವಾಧೀನದ ದಾರಿ ಬೇರೆ. ಅಲ್ಲಿ 2013ರ ಭೂಸ್ವಾಧೀನ ಕಾಯ್ದೆಯಂತೆ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ, ಕಟ್ಟಡದ ಬೆಲೆ ಬೇರೆ, ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗೆ ಅರವತ್ತು ದಿನ. "ಯೋಚನೆ ಮಾಡಿ ಸಹಿ ಮಾಡಿ" ಎಂದು ಅಧಿಕಾರಿ ಒಪ್ಪಿಗೆ ಪತ್ರ ಮುಂದೆ ತಳ್ಳಿದರು. ಮನೆಗೆ ಒಯ್ದು ಓದುತ್ತೇನೆ ಎಂದು ತಂದೆ. ಅದು ಈಗಲೂ ಕಡತದಲ್ಲಿದೆ, ಖಾಲಿ.

ಉತ್ತರ ಬರಲಿಲ್ಲ. ಜೆಸಿಬಿ ಬಂದಿದೆ ಎಂಬ ಸುದ್ದಿ ದಿನಕ್ಕೊಂದು. ನಾನು ಯಂತ್ರದ ಟೋನರ್ ಡಬ್ಬಿ, ಕಾಗದದ ಕಟ್ಟುಗಳನ್ನೆಲ್ಲ ಒಳಕೋಣೆಗೆ ಸಾಗಿಸಿದೆ. ರಾತ್ರಿ ಲಾರಿ ಸದ್ದಾದರೆ ಎದ್ದು ಕೂರುವುದು ರೂಢಿಯಾಯಿತು. ಮಾರ್ಚ್ ಕೊನೆಗೆ ಹೈಕೋರ್ಟಿಗೆ ಹೋಗುವುದೆಂದು ತೀರ್ಮಾನವಾಯಿತು.

ವಕೀಲರು ಕಾಗದ ನೋಡುವ ಮೊದಲು ಪ್ರತಿ ಮನೆಯ ಮುಂಭಾಗದ ಫೋಟೊ ಕೇಳಿದರು. ನೋಡಿ, ಎರಡು ಗುಂಪು ಮಾಡಿದರು. "ಈ ಕಟ್ಟೆ, ಮೆಟ್ಟಿಲು ಇಟ್ಟುಕೊಂಡು ನ್ಯಾಯ ಕೇಳಲು ಹೋಗಬೇಡಿ. ಎದುರು ಪಕ್ಷದವರು ಇದೊಂದೇ ಫೋಟೊ ತೋರಿಸುತ್ತಾರೆ, ನಿಮ್ಮ ಗೋಡೆಯ ಮಾತು ಯಾರೂ ಕೇಳುವುದಿಲ್ಲ. ನೀವಾಗಿ ತೆಗೆಯಿರಿ, ತೆಗೆದದ್ದಕ್ಕೆ ಫೋಟೊ ಇಡಿ, ಆಮೇಲೆ ಬನ್ನಿ."

ಅತ್ತೆಗೆ ಹೇಳುವ ಧೈರ್ಯ ನನ್ನ ಗಂಡನಿಗೆ ಇರಲಿಲ್ಲ. ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. "ಗೆರೆ ದಾಟಿ ಕಟ್ಟಿದ್ದಾರೆಂದು ನಿಮ್ಮ ಮಾವನಿಗೂ ಗೊತ್ತಿತ್ತು. ಆಗ ಕೇಳುವವರು ಇರಲಿಲ್ಲ" ಎಂದರು. ಹಾಸುಗಲ್ಲು ಮಾತ್ರ ಒಡೆಯಕೂಡದು ಎಂದು ಕರಾರು ಹಾಕಿದರು. ಏಪ್ರಿಲ್ ಮೊದಲ ವಾರ ಇಬ್ಬರು ಕೂಲಿಯವರು ಬಂದರು. ಹಾರೆಯ ಮೊದಲ ಪೆಟ್ಟು ಬಿದ್ದಾಗ ಎದುರುಮನೆಯ ವೈನಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಕಲ್ಲನ್ನು ನಾಲ್ವರು ಹಿಡಿದು ಎಬ್ಬಿಸಿದಾಗ ಅದರ ಕೆಳಗೆ ಒಂದು ತಾಮ್ರದ ಕಾಸು, ಮಗಳು ಚಿಕ್ಕವಳಿದ್ದಾಗ ಕಳೆದ ಗೋಲಿಗಳು, ಇರುವೆಗಳ ಒಂದು ದೊಡ್ಡ ಸಂಸಾರ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಿಂದ ರಸ್ತೆಗೆ ಒಂದೂವರೆ ಅಡಿ ನೇರ ಜಿಗಿತ. ಕೂಲಿ ಮತ್ತು ಒಡೆದ ಕಲ್ಲುಮಣ್ಣು ಸಾಗಿಸುವ ಟ್ರ್ಯಾಕ್ಟರು ಸೇರಿ ಎರಡು ಸಾವಿರ ಚಿಲ್ಲರೆ. ಸಂಜೆ ಕಾಕಾ ಬಂದು ಸ್ವಲ್ಪ ಹೊತ್ತು ಆ ಖಾಲಿ ಜಾಗ ನೋಡಿದರು, ಏನೂ ಹೇಳಲಿಲ್ಲ. ಮರುದಿನ ಅವರ ತಗಡು ಇಳಿಯಿತು. ಹತ್ತು ದಿನದಲ್ಲಿ ಇಪ್ಪತ್ತೊಂಬತ್ತು ಮನೆಗಳ ಮುಂಭಾಗ ನಕ್ಷೆಯ ಗೆರೆಗೆ ಬಂತು. ಅರ್ಜಿ ಹಾಕಿದವರು ಆ ಇಪ್ಪತ್ತೊಂಬತ್ತೇ ಜನ.

ಕಾಗದದ ಕಥೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅರ್ಧಕ್ಕೂ ಹೆಚ್ಚು ಮನೆಗಳು ತೀರಿಹೋದವರ ಹೆಸರಿನಲ್ಲಿಯೇ ಇದ್ದವು. ವಾರಸಾ (ವಾರಸುದಾರರ ಹೆಸರು ದಾಖಲಿಸುವುದು) ಆಗಿರಲಿಲ್ಲ, ಅಥವಾ ಪುಣೆಯಲ್ಲಿರುವ ತಂಗಿಯ ಸಹಿ ಬೇಕು ಎಂಬ ಭಯಕ್ಕೆ ಯಾರೂ ಆ ಮಾತೇ ಎತ್ತಿರಲಿಲ್ಲ. ಗೋಡೆಗೆ ಗುರುತು ಬೀಳುವ ತನಕ ಕಾಯಬೇಡಿ, ಈ ವಾರವೇ ನಿಮ್ಮ ಉತಾರದಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ. ಮೂಲೆಮನೆಯ ಖರೀದಿ ಪತ್ರ ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿತ್ತು. ಮನೆಯವರು ಅದನ್ನು ದಸರೆಗೆ ಪೂಜೆ ಮಾಡುತ್ತಿದ್ದರೇ ಹೊರತು ಓದಿದವರು ಯಾರೂ ಇರಲಿಲ್ಲ. ಮೋಡಿ ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸಿದರೆ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ "ಸರಕಾರಿ ರಸ್ತೆ" ಎಂದಿತ್ತು. ಎಲ್ಲ ಕನ್ನಡ ದಾಖಲೆಗಳಿಗೂ ಇಂಗ್ಲಿಷ್ ಅನುವಾದ, ಮಾಸಿದ ಪ್ರತಿಗಳಿಗೆ ಹೊಸದಾಗಿ ಟೈಪು ಮಾಡಿದ ನಕಲು. ಇದಕ್ಕೆಲ್ಲ ಇಷ್ಟು ಖರ್ಚಾಗುತ್ತದೆ ಎಂದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ.

ಧಾರವಾಡದ ಪೀಠ ಊರೊಳಗೆ ಇಲ್ಲ, ಹೆದ್ದಾರಿಯ ಬದಿ ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಇದೆ. ಬಸ್ಸಿನಲ್ಲಿ ಹೋಗುವವರು ಅದಕ್ಕೊಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ, ಗುರುತಿನ ಚೀಟಿ ಮರೆಯಬೇಡಿ. ಅರ್ಜಿ ಸಲ್ಲಿಸಿದ ಮೇಲೆ ಕಚೇರಿ ಆಕ್ಷೇಪಣೆ ಎಂದು ಎರಡು ಸಲ ತಿದ್ದುಪಡಿಗೆ ಬಂತು: ಒಂದು ಪುಟ ಸಂಖ್ಯೆ, ಇನ್ನೊಂದು ಯಾರದೋ ವಕಾಲತ್ತಿನ ಸಹಿ. ಬೇಸಿಗೆ ರಜೆ ಹತ್ತಿರ ಬಂದಿತ್ತು. ರಜೆಗೆ ಮೂರು ಕೆಲಸದ ದಿನ ಉಳಿದಾಗ ಪ್ರಕರಣ ಪಟ್ಟಿಗೆ ಬಂತು. ಬೆಳಗಿನಿಂದ ಕಾದೆವು. ನಮ್ಮ ಸರದಿ ಬಂದದ್ದು ಊಟದ ನಂತರ, ನಡೆದದ್ದು ನಾಲ್ಕು ನಿಮಿಷ. ಇಂಗ್ಲಿಷಿನಲ್ಲಿ ಏನೇನೋ ಮಾತಾಯಿತು. 'ಸ್ಟೇಟಸ್ ಕೋ' ಎಂಬುದು ಮಾತ್ರ ಕಿವಿಗೆ ಬಿತ್ತು. ಕಾಕಾ ನನ್ನ ಕಡೆ ತಿರುಗಿ, "ಗೆದ್ದೆವೋ ಸೋತೆವೋ ತಂಗೀ?" ಎಂದರು. ಯಥಾಸ್ಥಿತಿ, ಅಂದರೆ ಮುಂದಿನ ಆದೇಶದ ತನಕ ಈಗ ಇರುವಂತೆಯೇ ಇರಲಿ ಎಂಬುದು, ಎರಡೂ ಅಲ್ಲ ಎಂದು ಕ್ಯಾಂಟೀನಿನಲ್ಲಿ ಗಿರಮಿಟ್ಟು ತಿನ್ನುತ್ತ ವಕೀಲರು ತಿಳಿಸಿ ಹೇಳಿದರು. ಅಂದು ರಾತ್ರಿ ಲಾರಿ ಹೋದದ್ದು ನನಗೆ ಕೇಳಿಸಲಿಲ್ಲ.

ಜುಲೈಯಲ್ಲಿ ಅರ್ಜಿ ವಿಲೇವಾರಿಯಾಯಿತು. ಕೋರ್ಟು ರಸ್ತೆ ಅಗಲ ಮಾಡಬೇಡಿ ಎಂದು ಹೇಳಲಿಲ್ಲ, ಹೇಳುತ್ತದೆ ಎಂದುಕೊಂಡಿದ್ದವರಿಗೆ ನಿರಾಸೆಯಾಯಿತು. ಜಂಟಿ ಮೋಜಣಿ ಮಾಡಿ, ಅರ್ಜಿದಾರರ ಅಹವಾಲು ಕೇಳಿ, ಕಾರಣ ಬರೆದು ಆದೇಶ ಮಾಡಿ, ಅಲ್ಲಿಯವರೆಗೆ ಗೋಡೆ ಮುಟ್ಟಬೇಡಿ, ಖಾಸಗಿ ಜಾಗ ಬೇಕಾದರೆ ಕಾನೂನಿನಂತೆ ಸ್ವಾಧೀನ ಮಾಡಿಕೊಳ್ಳಿ ಎಂದಿತು. ಆದೇಶದ ಪ್ರಮಾಣಿತ ಪ್ರತಿ ಕೈಗೆ ಬಂದ ದಿನವೇ ಒಂದು ಪ್ರತಿಯನ್ನು ಪಾಲಿಕೆಗೆ ಕೊಟ್ಟು ಮೊಹರು ಹಾಕಿಸಿದೆವು.

ಮರಗಳದ್ದು ಸೋತ ಕಥೆ, ಬೇಗ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಬೇವು, ಹೊಂಗೆ, ಒಂದು ಅರಳಿ ಸೇರಿ 37 ಮರ. ನಮ್ಮ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಮೂವತ್ತೇಳಕ್ಕೆ ಅದು ಬರುವುದಿಲ್ಲ. ಸುಣ್ಣದ ನಂಬರು ಬರೆದು, ಫೋಟೊ ತೆಗೆದು ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟೆವು. ಅವರು ಬಂದು ನೋಡಿದರು. ಗಟಾರದ ಸಾಲಿನಲ್ಲಿದ್ದ ಹನ್ನೊಂದು ಮರ ಹೋದವು. ಅರಳಿಯನ್ನು ಮುಟ್ಟಲಿಲ್ಲ, ಅದಕ್ಕೆ ಕಾರಣ ಕಾನೂನಲ್ಲ, ಅದರ ಬುಡದಲ್ಲಿರುವ ನಾಗರಕಲ್ಲು.

ಸೆಪ್ಟೆಂಬರಿನ ಜಂಟಿ ಮೋಜಣಿಯಲ್ಲಿ ಸಿಟಿ ಸರ್ವೆಯವರ ಅಳತೆಗೂ ನಮ್ಮ ಭಾನುವಾರದ ಅಳತೆಗೂ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಬಂತು. ಅಹವಾಲಿಗೆ ಕರೆದಾಗ ಪ್ರತಿ ಮನೆಗೆ ಐದು ನಿಮಿಷ. ನಾನು ಕಟ್ಟೆ ಇದ್ದಾಗಿನ ಫೋಟೊ, ಒಡೆದ ನಂತರದ ಫೋಟೊ ಎರಡನ್ನೂ ಇಟ್ಟೆ. ಮೇಜಿನ ಆಚೆ ಕುಳಿತವರು ಎರಡನ್ನೂ ನೋಡಿ, "ನೀವೇ ತೆಗೆದಿರಾ?" ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ನವೆಂಬರ್ ಕೊನೆಗೆ ಆದೇಶ ಬಂತು: ಸದ್ಯದ ಕಾಮಗಾರಿ ನಕ್ಷೆಯ 12 ಮೀಟರ್ ಒಳಗೇ ನಡೆಯುತ್ತದೆ, ಉಳಿದ ಅತಿಕ್ರಮಣ ತೆರವು, ಎರಡೂ ಬದಿಗೆ ಮುಚ್ಚಿದ ಗಟಾರ. ಮಹಾಯೋಜನೆಯ 18 ಮೀಟರ್ ಮಾತ್ರ ಹಾಗೆಯೇ ಇದೆ. ನಾಳೆ ನಾನು ಮನೆ ಕೆಡವಿ ಕಟ್ಟಲು ಪರವಾನಗಿ ಕೇಳಿದರೆ ಆ ಗೆರೆ ಮತ್ತೆ ಎದುರಾಗುತ್ತದೆ. ಅದಕ್ಕೇ ಇದನ್ನು ಗೆಲುವು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಮೆಟ್ಟಿಲು ತೆಗೆಯದೆ ಉಳಿದವರ ಮನೆಗಳ ಮುಂದೆ ಡಿಸೆಂಬರಿನಲ್ಲಿ ಜೆಸಿಬಿ ಬಂತು. ಅದರ ಹಲ್ಲು ಮೆಟ್ಟಿಲಿನ ಜೊತೆ ಒಬ್ಬರ ನಲ್ಲಿ ಪೈಪನ್ನೂ ಎಳೆದುಕೊಂಡು ಹೋಯಿತು. ಬಾಕಿ ಇರುವ ಪ್ರಕರಣ ಅವರದೇ.

ಲೆಕ್ಕ ಒಪ್ಪಿಸುತ್ತೇನೆ. ಮನೆಗೆ ಮೂರು ಸಾವಿರದಂತೆ ಕೊಟ್ಟವರು 33, ಒಟ್ಟು 99,000 ರೂಪಾಯಿ. ವಕೀಲರಿಗೆ ಕೋರ್ಟಿನ ಶುಲ್ಕವೂ ಸೇರಿ 65,000. ಅನುವಾದ, ಟೈಪಿಂಗು 12,400. ನಕ್ಷೆಯ ನಕಲು ಮತ್ತು ಖಾಸಗಿ ಮೋಜಣಿ 7,640. ಮೋಡಿ ಓದಿದ ಹಿರಿಯರಿಗೆ 2,000, ಅವರು ಬೇಡವೆಂದರೂ. ಪ್ರಯಾಣ 4,500. ಕಾಗದ ಮತ್ತು ಟೋನರ್ 3,150, ಇದರಲ್ಲಿ ನನ್ನ ಲಾಭ ಸೊನ್ನೆ, ಅನುಮಾನ ಇರುವವರು ಬಿಲ್ಲು ನೋಡಬಹುದು. ಉಳಿದದ್ದು 4,310. ಇದನ್ನು ಮೂವತ್ತಮೂರರಿಂದ ಭಾಗಿಸಿ ಹಿಂದಿರುಗಿಸಿ ಎಂದು ಅರ್ಧ ಜನ, ಹನುಮಪ್ಪನ ಗುಡಿಗೆ ಕೊಡಿ ಎಂದು ಇನ್ನರ್ಧ. ಅತ್ತೆಯದು ಬೇರೆಯೇ ಬೇಡಿಕೆ: ಆ ಶಹಾಬಾದದ ಕಲ್ಲು ಸಂದಿಯಲ್ಲಿ ಗೋಡೆಗೆ ಒರಗಿ ನಿಂತಿದೆ, ಅದನ್ನು ಅರಳಿಮರದ ಬುಡದಲ್ಲಿ ಕೂರುವ ಹಾಗೆ ಹಾಕಿಸಲು ನಾಲ್ಕು ಸಾವಿರ ಸಾಲುವುದಿಲ್ಲವೇ ಎಂದು. ಆ ಜಾಗ ಯಾರದು ಎಂದು ಮೊದಲು ನಕ್ಷೆ ನೋಡಬೇಕು. ಭಾನುವಾರ ಸಭೆ ಕರೆದಿದ್ದೇನೆ.